ಸೋಮವಾರ ದುಡಿಯದ ರೇಡಿಯೋ

ನಮ್ಮ ಕಾಕಾ ತಮ್ಮ ರೇಡಿಯೋಕ್ಕೆ ಹುಲ್ಲು ಹಾಕುತ್ತಿರಲಿಲ್ಲ, ಅಷ್ಟೇ. ಉಳಿದಂತೆ ಎತ್ತಿಗೆ ಏನೇನು ಮಾಡುತ್ತಾರೋ ಅದನ್ನೆಲ್ಲ ಅದಕ್ಕೂ ಮಾಡುತ್ತಿದ್ದರು! ಬೆಳಿಗ್ಗೆ ಎದ್ದು ಮೈ ಒರೆಸುವುದು, ಬೆನ್ನು ಸವರುವುದು, ದೃಷ್ಟಿಯಾಗದಿರಲೆಂದು ಕೊರಳಿಗೆ ಕರಿ ದಾರ ಕಟ್ಟುವುದು. ರೇಡಿಯೋಕ್ಕೆ ಕೊರಳು ಎಲ್ಲಿರುತ್ತದೆ ಎನ್ನುತ್ತೀರಾ? ನಾನೂ ಕೇಳಿದ್ದೆ. "ಕಿವಿ ಎಲ್ಲಿ ಅದಾವ ನೋಡವಾ, ಅದರ ಕೆಳಗ ಇರೂದ ಕೊಳ್ಳು" ಎಂದಿದ್ದರು. ಕಿವಿ ಎಂದರೆ ಸ್ಟೇಷನ್ ತಿರುವುವ ಗುಂಡಿ.

ಎತ್ತಿನ ಮೇಲೆ ಇಷ್ಟು ಭಕ್ತಿಯುಳ್ಳವರ ಮನೆಯಲ್ಲಿ ಸೋಮವಾರ ಏನಾಗುತ್ತದೆ ಎಂಬುದು ನಮ್ಮ ಕಡೆಯವರಿಗೆ ಗೊತ್ತು. ಅದು ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ನಮ್ಮ ಮನೆಯಲ್ಲಿ ಸೋಮವಾರ ರೇಡಿಯೋಕ್ಕೂ ರಜೆ. "ಆರ ದಿನಾ ಒದರಿ ಒದರಿ ದಣದಿರತೈತಿ. ಅದಕೂ ಜೀಂವ ಇಲ್ಲೇನು?" ಎನ್ನುವುದು ಕಾಕಾನ ವಾದ.

ನಾನು ಹೇಳಹೊರಟಿರುವುದು ಅಂಥದೊಂದು ಸೋಮವಾರದ ಸಂಜೆಯ ಮಾತು. ಬೈಲಹೊಂಗಲದ ಹತ್ತಿರದ ನಮ್ಮೂರಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಪಡಸಾಲೆಯಲ್ಲಿ ಕಂದೀಲಿನ ಸುತ್ತ ಇದ್ದವರು ನಾಲ್ವರು: ಕಾಕಾ, ಕಾಕಿ, ನನ್ನ ಅವ್ವ, ಮತ್ತು ನಾಲ್ಕನೆಯ ಇಯತ್ತೆ ಓದುತ್ತಿದ್ದ ನಾನು. ಅಪ್ಪ ತೀರಿಕೊಂಡ ಮೇಲೆ ಮನೆಯ ಹಿರಿತನ ಕಾಕಾನದೇ ಆಗಿತ್ತು. ಎದುರಿಗೆ ಗೂಡಿನಲ್ಲಿ ಇಟ್ಟಿಗೆಯಷ್ಟು ಭಾರದ ಬ್ಯಾಟರಿಯ ಪಕ್ಕ, ಕಸೂತಿಯ ಬಟ್ಟೆ ಹೊದ್ದು ರೇಡಿಯೋ ಸುಮ್ಮನೆ ಕುಳಿತಿತ್ತು. ನಾವೂ ಸುಮ್ಮನೆ ಕುಳಿತಿದ್ದೆವು. ಹಾಡದ ರೇಡಿಯೋದ ಮುಂದೆ ಕೂಡುವುದೇಕೆ? ಕಾಕಾನ ಕಟ್ಟಳೆ! "ದುಡಿಯೂ ದಿನಾ ಮುಂದ ಕುಂತು, ದುಡಿಯದ ದಿನಾ ಎದ್ದ ಹೋದ್ರ ಅದಕೇನ ಅನಸಬ್ಯಾಡಾ?"

ಐದನೆಯವರೊಬ್ಬರು ಇರಬೇಕಿತ್ತು. ಪಕ್ಕದ ಮನೆಯ ದರ್ಜಿ ಚಾಚಾ. ವಾರ್ತೆ ಶುರುವಾದರೆ ಸಾಕು, ಕಾಕಾ ಗೋಡೆ ಬಡಿದು ಅವರ ಹೊಲಿಗೆ ಮಶೀನು ನಿಲ್ಲಿಸುತ್ತಿದ್ದರು. ಹೇಗೂ ನಿಂತಿತಲ್ಲ ಎಂದು ಚಾಚಾ ನಮ್ಮಲ್ಲಿಗೇ ಬಂದು ಕೂಡುತ್ತಿದ್ದರು. ಒಮ್ಮೆ ವಾರ್ತೆಯ ಬೆನ್ನಿಗೆ ಯಾರದೋ ಭಾಷಣ ಬಂದು, ಅದರ ಬೆನ್ನಿಗೆ ನಾಟಕ ಬಂದು, ಮರುದಿನ ಊರಿನ ಮದುಮಗ ಒಂದೇ ತೋಳಿನ ಅಂಗಿ ತೊಟ್ಟು ಅಕ್ಕಿಕಾಳು ಹಾಕಿಸಿಕೊಂಡ! ಮದುಮಗನ ಅಪ್ಪ ಜಗಳಕ್ಕೆ ಬಂದಾಗ ಚಾಚಾ ಶಾಂತವಾಗಿ ಹೇಳಿದ್ದರು: "ಎರಡನೇ ತೋಳು ರೇಡಿಯೋದಾಗ ಐತ್ರಿ, ಹೋಗಿ ಇಸ್ಕೊಳ್ಳ್ರಿ." ಆ ಸೋಮವಾರ ಚಾಚಾ ಬಟ್ಟೆ ತರಲು ಯರಗಟ್ಟಿಯ ಪೇಟೆಗೆ ಹೋಗಿದ್ದರು.

ಮೊದಲು ಬಾಯಿ ತೆರೆದವರು ಕಾಕಿ. "ರಾಮದುರ್ಗದಿಂದ ಬಳಿಗಾರ್ತಿ ಬಂದಿದ್ದಳು. ಅಕ್ಕಾರಿಗೆ ಆರಾಮಿಲ್ಲಂತ್ರಿ. ಹಾಸಿಗಿ ಹಿಡದು ಮೂರ ತಿಂಗಳಾತಂತ."

ಕಾಕಾ ಕಂದೀಲಿನ ಬತ್ತಿ ಸಣ್ಣದು ಮಾಡಿದರು, ದೊಡ್ಡದು ಮಾಡಿದರು.

"ಅಕಿ ಬಾಯಾಗ ನನ್ನ ಹೆಸರು ಬರಲಿ. ಆ ಗಳಿಗಿಗೆ ಹೊಂಡತೇನಿ."

"ಬರಲಿಲ್ಲಂದ್ರ?"

ಕಾಕಾ ಎದ್ದು ಹೋಗಿ ರೇಡಿಯೋದ ಮೇಲಿನ ಬಟ್ಟೆ ನೆಟ್ಟಗೆ ಮಾಡಿದರು.

ಅಕ್ಕಾರು ಎಂದರೆ ಕಾಕಾನ ಒಡಹುಟ್ಟಿದ ಅಕ್ಕ, ನನ್ನ ಸೋದರತ್ತೆ. ಅವರು ನಮ್ಮ ಮನೆಯ ಹೊಸ್ತಿಲು ತುಳಿಯದೆ ಹೆಣ್ಣುಮಕ್ಕಳು ತವರಿಗೆ ಬರುವ ನಾಗಪಂಚಮಿ ಆಗಲೇ ನಾಲ್ಕು ಸಲ ಕಳೆದಿತ್ತು. ಕಾರಣ ಕೇಳಿದರೆ ನಗುತ್ತೀರಿ. ನಗಬೇಡಿ, ನಮ್ಮ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಕಾಕಾನ ಮಗಳನ್ನು ಅತ್ತೆಯ ಮಗನಿಗೆ ತರುವುದೆಂದು ಹುಡುಗಿ ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಹುಡುಗ ಅವ್ವನ ಜೊತೆ ಹೆಣ್ಣು ನೋಡಲು ಬಂದ. ಹೆಣ್ಣನ್ನು ಅರೆಗಳಿಗೆ ನೋಡಿದ, ರೇಡಿಯೋವನ್ನು ಅರ್ಧ ತಾಸು ನೋಡಿದ. ನೋಡಿ ಬಿಟ್ಟಿದ್ದರೆ ಆಗುತ್ತಿತ್ತು. ಎದ್ದು ಹೋಗಿ ಕಿವಿ ತಿರುವಿಬಿಟ್ಟ! ಧಾರವಾಡ ಜಾರಿ ಹೋಗಿ ಯಾವುದೋ ಗೊತ್ತಿಲ್ಲದ ದೇಶದವರು ಕಿರಗುಟ್ಟತೊಡಗಿದರು. ಕಾಕಾ ಎದ್ದು ನಿಂತರು.

"ಕೇಳಲಾರದ ನನ್ನ ಎತ್ತಿನ ಕಿವಿ ಹಿಂಡಿದಾಂವ, ನಾಳೆ ನನ್ನ ಮಗಳನ್ನ ಏನ ಕೇಳಿ ಬಾಳಿಸ್ತಾನ? ಈ ಸಂಬಂಧ ಆಗಂಗಿಲ್ಲ."

ಅತ್ತೆಯೇನು ಕಡಿಮೆಯೇ? ಅವರೂ ಅದೇ ಹೊಟ್ಟೆಯಲ್ಲಿ ಹುಟ್ಟಿದವರು. ತಾಯಿ ಬೇಗ ಹೋದದ್ದರಿಂದ ಈ ತಮ್ಮನನ್ನು ಎತ್ತಿ ಆಡಿಸಿದವರು. "ಹಂಗಾರ ಆ ಪೆಟಗಿಗೇ ಮಗಳನ್ನ ಕೊಟ್ಟು ಬೀಗತನಾ ಮಾಡಕೋ! ನೀ ಬಂದು ಕರಿಯೂತನಾ ನಾ ಈ ಹೊಸ್ತಿಲಾ ತುಳಿಯಾಂಗಿಲ್ಲ" ಎಂದು ಕೈಯಲ್ಲಿದ್ದ ಚಹಾದ ಬಟ್ಟಲನ್ನು ಹಾಗೆಯೇ ಇಟ್ಟು ನಡೆದರು. ಮಗಳನ್ನು ಸವದತ್ತಿಗೆ ಕೊಟ್ಟದ್ದಾಯಿತು. ಅತ್ತೆ ಮದುವೆಗೂ ಬರಲಿಲ್ಲ.

ಕಾಕಾ ಕರೆಯಲಿಲ್ಲ. ಆದರೆ ಪ್ರತಿ ಪಂಚಮಿಗೆ ಅತ್ತೆಯ ಪಾಲಿನ ಉಂಡಿಗಳನ್ನು ಡಬ್ಬಿ ತುಂಬ ತೆಗೆದಿಡಿಸುತ್ತಿದ್ದರು. ಕಳಿಸುತ್ತಿರಲಿಲ್ಲ, ನಮಗೂ ಮುಟ್ಟಗೊಡುತ್ತಿರಲಿಲ್ಲ. ಹುಳು ಬಿದ್ದ ಮೇಲೆ ಒಂದು ದಿನ ತಾವೇ ಹೊತ್ತು ಹಿತ್ತಲಿಗೆ ಹೋಗಿ ಚೆಲ್ಲಿ, ಡಬ್ಬಿ ತೊಳೆದು, ಬೋರಲು ಹಾಕಿ ಬರುತ್ತಿದ್ದರು.

ಮಂಗಳವಾರ ಬೆಳಿಗ್ಗೆ ದರ್ಜಿ ಚಾಚಾ ಬಟ್ಟೆಯ ಗಂಟನ್ನೂ ಇಳಿಸದೆ ಓಡಿ ಬಂದರು.

"ಏನ್ರೀ ಗೌಡ್ರ, ಪೇಡೆ ಎಲ್ಲಿ? ನಿನ್ನೆ ನಿಮ್ಮ ಹೆಸರು ರೇಡಿಯೋದಾಗ ಬಂತಲ್ಲ!"

"ಮುಂಜ ಮುಂಜಾನೆ ಚ್ಯಾಷ್ಟಿ ಮಾಡಬ್ಯಾಡೋ."

"ಖುದಾನ ಆಣೆ! ಯರಗಟ್ಟ್ಯಾಗ ಬಟ್ಟಿ ಅಂಗಡ್ಯಾಗ ಕುಂತಿದ್ನಿ. ಕೇಳುಗರ ಕೋರಿಕಿ ಹಚ್ಚಿದ್ರು. ರಾಮದುರ್ಗದಿಂದ ನಿಮ್ಮ ಅಕ್ಕಾರ ಹೆಸರು ಓದಿದ್ರು. 'ಇವರು ತಮ್ಮ ಸಹೋದರನ ಜೊತೆಗೂಡಿ ಈ ಹಾಡನ್ನು ಕೇಳಬಯಸಿದ್ದಾರೆ' ಅಂತ, ನಿಮ್ಮ ಹೆಸರು, ಅಡ್ಡಹೆಸರು, ಊರು, ಎಲ್ಲಾ!"

ಕಾಕಾ ಎದ್ದು ನಿಂತವರು ಮತ್ತೆ ಕುಳಿತರು. ಪತ್ರ ಬರೆದರೆ ಒಡೆಯದೆ ವಾಪಸು ಕಳಿಸುವ ತಮ್ಮ, ಮಂದಿಯ ಕೈಯಲ್ಲಿ ಹೇಳಿಸಿದರೆ ಮುಖ ತಿರುಗಿಸುವ ತಮ್ಮ. ಅವನು ಅಡ್ಡ ಮಾತಾಡದೆ ಕೇಳುವುದು ಲೋಕದಲ್ಲಿ ಒಂದನ್ನೇ ಎಂದು ಅತ್ತೆಗೆ ಗೊತ್ತಿರದಿದ್ದರೆ ಇನ್ನಾರಿಗೆ ಗೊತ್ತಿರಬೇಕು?

"ಯಾವ ಹಾಡು?" ಎಂದರು ಕಾಕಾ.

ಚಾಚಾ ತಲೆ ಕೆರೆದುಕೊಂಡರು. "ಅದೇನ ಆತಂದ್ರ... ನಿಮ್ಮ ಹೆಸರು ಬಂದ ಕೂಡ್ಲೆ ನಾ 'ಇವ್ರು ನಮ್ಮ ಮಗ್ಗಲ ಮನಿಯವರು!' ಅಂತ ಎದ್ದ ಒದರಿಬಿಟ್ನಿ. ಅಂಗಡಿಯವರು ಚಹಾ ತರಿಸಿದ್ರು. ಆ ಗದ್ದಲದಾಗ ಹಾಡು ಮುಗದ ಹೋತ್ರಿ."

ಕಾಕಾ ಗೂಡಿನ ಕಡೆ ನೋಡಿದರು. ತುಂಬಿದ ಬ್ಯಾಟರಿ, ನೆಟ್ಟಗಿದ್ದ ತಂತಿ, ಎಲ್ಲ ಸರಿಯಾಗಿತ್ತು. ಹಿಂದಿನ ಸಂಜೆ ಅದರ ಎದುರಿಗೇ ನಾಲ್ಕು ಜನ ಕಿವಿ ತೆರೆದುಕೊಂಡು ಕುಳಿತಿದ್ದೆವು. ಅಕ್ಕ ತಮ್ಮನ ಹೆಸರು ಹೇಳಿ ಕರೆಯುತ್ತಿದ್ದಾಗಲೇ ತಮ್ಮ "ಅಕಿ ಬಾಯಾಗ ನನ್ನ ಹೆಸರು ಬರಲಿ" ಎನ್ನುತ್ತಿದ್ದನೇನೋ!

ಆ ಜಗಳದ ಮಾತಿನಲ್ಲಿ ನಾಲ್ಕು ವರ್ಷ ಗಂಡನಿಗೆ ಎದುರಾಡದ ಕಾಕಿ ಆಗ ಹೇಳಿದರು: "ಇವತ್ತ ಹೊಂಡತೀರೋ, ಇಲ್ಲಾ ನಿಮ್ಮ ರೇಡಿಯೋನ ಕೇಳಿ ಹೇಳತೀರೋ?"

ಕಾಕಾ, ಕಾಕಿ, ನಾನು ಮೂವರೂ ಹತ್ತು ಗಂಟೆಯ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಕಾಕಾ ಕೂಡಲಿಲ್ಲ. ಸೀಟಿನಿಂದ ಸೀಟಿಗೆ ಹೋಗಿ ಒಂದೇ ಪ್ರಶ್ನೆ: "ನಿನ್ನೆ ಸಂಜಿಕ ರೇಡಿಯೋ ಕೇಳಿದ್ರೇನ್ರಿ? ರಾಮದುರ್ಗದವರು ಕೇಳಿದ ಹಾಡು ಯಾವುದಿತ್ತ್ರಿ?" ಒಬ್ಬರು ಭಜನೆ ಎಂದರು. ಒಬ್ಬರು ಸಿನೆಮಾದ್ದು ಎಂದರು. ಮುದುಕಿಯೊಬ್ಬಳು ತನ್ನ ಮದುವೆಯಲ್ಲಿ ಹಾಡಿದ ಸೋಬಾನೆಯನ್ನೇ ಹಾಡಿ ತೋರಿಸಿದಳು. ಯರಗಟ್ಟಿಯಲ್ಲಿ ಬಸ್ಸು ಬದಲಿಸುವಾಗ ಕಾಕಾ ಬಟ್ಟೆ ಅಂಗಡಿಗೇ ಹೋಗಿ ವಿಚಾರಿಸಿದರು. ಆ ಮಾಲೀಕರಿಗೆ ನೆನಪಿದ್ದದ್ದು ಚಾಚಾ ಕುಡಿದ ಮೂರು ಕಪ್ಪು ಚಹಾ ಮಾತ್ರ.

"ಯಾವ ಹಾಡಾದ್ರೇನ್ರಿ?" ಎಂದರು ಕಾಕಿ.

"ಅಕಿ ಕೇಳತಾಳ. ಕೇಳಿದಿ ಏನಪಾ ತಮ್ಮಾ, ಹೆಂಗಿತ್ತು ಅಂತಾಳ. ಏನ ಹೇಳ್ಲಿ?"

ರಾಮದುರ್ಗದಲ್ಲಿ ಬಾಗಿಲು ತೆರೆದವನು ಅದೇ ಹುಡುಗ, ಕಿವಿ ತಿರುವಿದವನು. ಈಗ ಮೀಸೆ ಬಂದಿತ್ತು. ಅವನು ಕಾಕಾನ ಕಾಲು ಮುಟ್ಟಲು ಬಾಗಿದ. ಕಾಕಾ ಅವನ ಭುಜ ಹಿಡಿದು ಎಬ್ಬಿಸಿ ಒಳಗೆ ನಡೆದರು.

ಅತ್ತೆ ಹೊರಸಿನ ಮೇಲೆ ಮಲಗಿದ್ದರು. ಕೈಬಳೆ ಮೊಣಕೈತನಕ ಜಾರುವಷ್ಟು ಸೊರಗಿದ್ದರು. ಮಗನ ಕೈಯಿಂದ ರೇಡಿಯೋದವರಿಗೆ ಕಾರ್ಡು ಬರೆಸಿ ಎರಡು ತಿಂಗಳಾಗಿತ್ತಂತೆ. ಅಂದಿನಿಂದ ಪ್ರತಿ ಸಂಜೆ ಹೊರಸನ್ನು ಗೋಡೆಗೆ ಹಚ್ಚಿಸಿಕೊಂಡು ಪಕ್ಕದ ಮನೆಯ ರೇಡಿಯೋಕ್ಕೆ ಕಿವಿಗೊಟ್ಟು ಮಲಗುತ್ತಿದ್ದರಂತೆ.

"ಬಂದ್ಯಾ" ಎಂದರು. "ಕೇಳಿದ್ಯಾ?"

ಬಸ್ಸಿನಲ್ಲಿ ಕೂಡಿಹಾಕಿದ ಭಜನೆ, ಸೋಬಾನೆ ಯಾವುದೂ ಕಾಕಾನ ನಾಲಿಗೆಗೆ ಬರಲಿಲ್ಲ. "ಇಲ್ಲಕ್ಕಾ. ಸೋಮವಾರ ಇತ್ತು. ಅದಕ ರಜಾ ಕೊಟ್ಟಿದ್ದೆ."

ಅತ್ತೆ ಅವರನ್ನೇ ನೋಡಿದರು. ಆಮೇಲೆ ನಗತೊಡಗಿದರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಕಾಕಿ ನೀರು ಕುಡಿಸಿ ಬೆನ್ನು ನೀವಿದರು. "ಇಂಥಾ ಹುಚ್ಚಪ್ಯಾಲಿನ ನಾನ ಬೆಳಸೀನಿ ನೋಡ ಯವ್ವಾ!"

"ಯಾವ ಹಾಡು ಬೇಡಿದ್ದೆಕ್ಕಾ?"

"ಹಾಡ ಯಾರಿಗೆ ಬೇಕಾಗಿತ್ತೋ? ಯಾವುದರೆ ಹಚ್ಚಲಿ ಅಂತ ಬರಸಿದ್ದೆ. ನಂದು ನಿಂದು ಎರಡೂ ಹೆಸರು ಕೂಡಿಸಿ ಒಮ್ಮೆ ಓದಲಿ ಅಂತ ಇತ್ತು."

ಕಾಕಾ ಹೊರಸಿನ ಕಾಲಿಗೆ ತಲೆ ಆನಿಸಿ ನೆಲದ ಮೇಲೆ ಕುಳಿತುಬಿಟ್ಟರು. ಈಗ ನನ್ನ ಕೈಯ ಫೋನಿನಲ್ಲಿ ಬೇಕೆಂದಾಗ ಬೇಕಾದ ಹಾಡು ಬರುತ್ತದೆ. ಆದರೆ ಹಾಗೆ ಕುಳಿತವರನ್ನು ನಾನು ಮತ್ತೆ ನೋಡಿಲ್ಲ.

ನಮ್ಮನ್ನು ಊರಿಗೆ ಕಳಿಸಿ ಕಾಕಾ ಅಲ್ಲೇ ಉಳಿದರು. ಹನ್ನೆರಡನೆಯ ದಿನ ಅತ್ತೆ ತೀರಿಕೊಂಡರು. ತವರಿನಿಂದ ಬರಬೇಕಾದ ಕೊನೆಯ ಸೀರೆಯನ್ನು ಕಾಕಾ ತಾವೇ ಪೇಟೆಗೆ ಹೋಗಿ ಆರಿಸಿ ತಂದು ಹೊದಿಸಿದರು. ಹಸಿರು ಸೀರೆ, ಕೆಂಪು ದಡಿ.