ಗಾಡಿ ಅಡಿಯಿಂದ ಬಂದ ಸದ್ದು

ಶವ ಸಾಗಿಸುವ ಆ ಹಳೆಯ ವ್ಯಾನು ಬೆಳ್ಳಂಬೆಳಿಗ್ಗೆಯೇ ಹಟ ಹಿಡಿಯಿತು. ಕೀ ತಿರುಗಿಸಿದರೆ ಒಂದೇ ಒಂದು ಸಲ ‘ಕಟ್’ ಎನ್ನುತ್ತಿತ್ತು, ಮುದುಕ ನಿದ್ದೆಯಲ್ಲಿ ಹಲ್ಲು ಕಡಿದ ಹಾಗೆ. ಆಮೇಲೆ ಸದ್ದಿಲ್ಲ. ಬೀದಿಯ ತುಂಬ ಮಂಜು ಕವಿದಿತ್ತು. ಎದುರು ಮನೆಯ ಬಾಗಿಲೂ ಕಾಣುತ್ತಿರಲಿಲ್ಲ.

“ನಿನ್ನೆ ತಾನೆ ಸರಿಯಾಗಿತ್ತಲ್ಲ, ದರಿದ್ರದ್ದೇ!” ಡ್ರೈವರ್ ಸ್ಟೀರಿಂಗಿಗೆ ಗುದ್ದಿದ. ಅವನಿಗೆ ಊರವರು ಇಟ್ಟ ಹೆಸರು ಗಡಿಬಿಡಿ. ಹಿಂದೆ ಪೆಟ್ಟಿಗೆಯಲ್ಲಿ ಮಲಗಿದ್ದವನು ಇದೇ ವ್ಯಾನನ್ನು ವರ್ಷಾನುಗಟ್ಟಲೆ ರಿಪೇರಿ ಮಾಡಿದ ಮೇಸ್ತ್ರಿ. ರಿಪೇರಿಯವನೇ ಹಿಂದೆ ಮಲಗಿರುವಾಗ ಗಾಡಿ ಕೆಟ್ಟರೆ ಯಾರನ್ನು ಕರೆಯುವುದು?

ಆಫೀಸಿನ ಮ್ಯಾನೇಜರ್ ಆಗಲೇ ಫೋನಿನಲ್ಲಿ ಗುಡುಗಿದ್ದರು: “ಮಂಜು ಕರಗೋದ್ರೊಳಗೆ ಹೆಣ ಸ್ಮಶಾನ ಮುಟ್ಟಬೇಕು. ಮುಟ್ಟಲಿಲ್ವೋ, ನಾಳೆಯಿಂದ ನಿನ್ನ ಮುಖ ತೋರಿಸ್ಬೇಡ.”

ಬಾನೆಟ್ ಎತ್ತಿದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಮುತ್ತಿದರು.

“ಬ್ಯಾಟರಿ ಹೋಗಿದೆ ಕಣಯ್ಯ,” ಎಂದರು ಪಕ್ಕದ ಮನೆಯ ನಿವೃತ್ತ ಗುಮಾಸ್ತರು.

ಗಡಿಬಿಡಿ ದೀಪ ಹಾಕಿ ತೋರಿಸಿದ. ಮಂಜಿನಲ್ಲಿ ಎರಡು ಹಳದಿ ಕಣ್ಣು ಕೆರಳಿದವು. ಹಾರ್ನ್ ಒತ್ತಿದ. ಮನೆಯೊಳಗೆ ಅಳುತ್ತಿದ್ದವರು ಒಮ್ಮೆಗೇ ಅಳು ನಿಲ್ಲಿಸಿದರು.

“ಹಾಗಾದ್ರೆ ಡೀಸೆಲ್ ಇಲ್ಲ,” ಎಂದ ಕ್ಷೌರದಂಗಡಿಯವನು.

“ಅರ್ಧ ಟ್ಯಾಂಕ್ ಇದೆ. ನಿಮ್ಮ ತಲೇಲಿ ಏನಾದ್ರೂ ಇದ್ಯಾ ನೋಡ್ಕೊಳ್ಳಿ.”

“ನನಗನ್ಸುತ್ತೆ,” ಗುಮಾಸ್ತರು ದನಿ ತಗ್ಗಿಸಿದರು, “ಮೇಸ್ತ್ರಿಗೆ ಹೋಗೋಕೆ ಮನಸ್ಸಿಲ್ಲ.”

ಗಡಿಬಿಡಿ ಬಾನೆಟ್ಟನ್ನು ದಡಾರನೆ ಮುಚ್ಚಿದ. “ಬಾಯಿ ಮುಚ್ಚಿ, ತಳ್ರೀ ಎಲ್ಲ!” ಎಂದು ಕೂಗಿದ.

ಮೇಸ್ತ್ರಿಯ ಭಾವಮೈದುನನ ಮುಂದಾಳತ್ವದಲ್ಲಿ ಎಲ್ಲರೂ ಹೆಗಲು ಕೊಟ್ಟರು. ವ್ಯಾನು ನಾಲ್ಕು ಮಾರು ಉರುಳಿತು. ಅಷ್ಟರಲ್ಲಿ ಪೆಟ್ಟಿಗೆ ಜಾರಿ ಹಿಂಬಾಗಿಲಿಗೆ ‘ದಬ್’ ಎಂದು ಬಡಿಯಿತು. ಒಳಗಿನಿಂದ ಯಾರೋ ಒದ್ದ ಹಾಗೆಯೇ. ಅಷ್ಟೂ ಕೈಗಳು ಒಟ್ಟಿಗೆ ಬಿಟ್ಟವು. ಗಾಡಿ ಗೋಡೆಗೆ ಒರಗಿಕೊಂಡು ನಿಂತಿತು.

ಕಾಯಿಲೆ ಏನೆಂದು ಗಡಿಬಿಡಿಗೆ ಈಗ ಹೊಳೆದಿತ್ತು. ಇಂಜಿನ್ ಶುರು ಮಾಡುವ ಸೆಲ್ಫ್ ಮೋಟರ್ ಅಂಟಿಕೊಂಡಿದೆ. ಒಬ್ಬರು ಅಡಿಯಲ್ಲಿ ಮಲಗಿ ಅದಕ್ಕೆ ಸ್ಪ್ಯಾನರಿನಿಂದ ತಟ್ಟಬೇಕು, ಇನ್ನೊಬ್ಬರು ಮೇಲೆ ಕೀ ತಿರುಗಿಸಬೇಕು. ಮೇಸ್ತ್ರಿ ಇವನನ್ನು ಶೆಡ್ಡಿನ ಹೊರಗೆ ನಿಲ್ಲಿಸಿ, ಬಾಗಿಲು ಹಾಕಿಕೊಂಡು ಮಾಡುತ್ತಿದ್ದುದು ಅದನ್ನೇ. ‘ಟಣ್ ಟಣ್ ಟಣ್’ ಎಂಬ ಸದ್ದು, ಹಿಂದೆಯೇ ಇಂಜಿನ್ನಿನ ಗುರುಗುರು, ಎಷ್ಟು ಸಲ ಕೇಳಿಲ್ಲ!

“ಯಾರು ಅಡಿಗೆ ಹೋಗ್ತೀರಿ?”

ಎಲ್ಲರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಹೆಣದ ಕೆಳಗೆ ಅಂಗಾತ ಮಲಗುವ ಗಂಡಸು ಆ ಬೀದಿಯಲ್ಲಿ ಹುಟ್ಟಿರಲಿಲ್ಲ. ತಿರುವಿನಾಚೆಯ ಪಂಕ್ಚರ್ ಅಂಗಡಿಯವನನ್ನು ಕರೆತರಲು ಗಡಿಬಿಡಿ ಓಡಿದ.

“ಕಾಲಿಗೆ ಬೀಳ್ತೀನಿ, ಬಾರಪ್ಪ.”

“ನೀನು ನನ್ನ ಕಾಲಿಗೆ ಬಿದ್ರೂ ನಾನು ಹೆಣದ ಕಾಲಡಿ ಮಲಗಲ್ಲಣ್ಣ,” ಎಂದು ಅವನು ಅಂಗಡಿಯ ಶಟರ್ ಅರ್ಧ ಎಳೆದುಕೊಂಡ.

ವಾಪಸ್ ಬಂದರೆ ಬೀದಿಯಲ್ಲಿ ನರಪಿಳ್ಳೆಯಿಲ್ಲ. ವ್ಯಾನಿನ ಹಿಂಬಾಗಿಲು ಮುಚ್ಚಿತ್ತು. ಮಂಜಿನಲ್ಲಿ ತನ್ನ ಚಪ್ಪಲಿಯ ಸದ್ದೇ ಯಾರೋ ಹಿಂಬಾಲಿಸಿದಂತೆ ಕೇಳುತ್ತಿತ್ತು. ಬೇಸತ್ತು ಎಲ್ಲರೂ ಸ್ಮಶಾನಕ್ಕೆ ನಡೆದೇ ಹೊರಟರೇನೋ. ಅವನು ಹತ್ತಿ ಕುಳಿತ. ಕೀ ತಿರುಗಿಸಿದ.

ಕಟ್.

ಆಗ ಕಾಲ ಕೆಳಗಿನಿಂದ ಬಂತು: ಟಣ್. ಟಣ್. ಟಣ್.

ಗಡಿಬಿಡಿ ಎರಡೂ ಕಾಲು ಸೀಟಿನ ಮೇಲೆ ಎತ್ತಿಕೊಂಡ. ಗೋಡೆಯ ಕಡೆಯಿಂದ ಒಡಕು ದನಿಯೊಂದು ಗದರಿತು: “ತಿರುಗಿಸೋ ಈಗ!”

ತಿರುಗಿಸಿದ. ಇಂಜಿನ್ ಗುರ್ರೆಂದಿತು. ಮುಂದಿನದು ಅವನಿಗೆ ನೆನಪಿಲ್ಲ. ಪ್ರಾಣ ಇದ್ದವರು ಪ್ರಾಣ ಹೋದವರನ್ನು ಅಷ್ಟು ಜೋರಾಗಿ ಯಾವತ್ತೂ ಸಾಗಿಸಿರಲಾರರು. ಕನ್ನಡಿಯಲ್ಲಿ ಹಿಂದೆ ನೋಡುವ ಧೈರ್ಯವಿಲ್ಲದೆ ಅದನ್ನು ಅಡ್ಡಡ್ಡ ತಿರುಗಿಸಿಬಿಟ್ಟಿದ್ದ.

ಸ್ಮಶಾನದಲ್ಲಿ ಗುಂಡಿ ತೋಡುವವನೊಬ್ಬನೇ ಗುದ್ದಲಿಗೆ ಒರಗಿ ನಿಂತಿದ್ದ. ಗಡಿಬಿಡಿ ಇಂಜಿನ್ ಆರಿಸಿ ಹೊರಕ್ಕೆ ಹಾರಿದ.

“ಬೇಗ ಇಳಿಸಿಕೊಳ್ಳಪ್ಪ, ಮಾರಾಯ!”

ಗುಂಡಿಯವನು ಪೆಟ್ಟಿಗೆಯ ಮುಚ್ಚಳ ಸರಿಸಿದ. ಬಗ್ಗಿ ನೋಡಿದ. ಕೈ ಹಾಕಿ ತಡವಿದ.

“ಖಾಲಿ ಇದೆ. ಎಲ್ಲಯ್ಯಾ ಹೆಣ?”

ಗಡಿಬಿಡಿ ಗಾಡಿಯ ಅಡಿಗೆ ಬೆರಳು ತೋರಿಸಿದ. “ಈಗ ತಾನೆ... ಗಾಡಿ ಅಡಿ ಇದ್ದ. ಸೆಲ್ಫ್ ಮೋಟರ್ ತಟ್ಟಿಕೊಟ್ಟ.”

ಅರ್ಧ ಊರನ್ನು ಕಣ್ಣು ಮಿಟುಕಿಸದೆ ಹೂತಿದ್ದ ಮನುಷ್ಯ ಗುದ್ದಲಿ ಎಸೆದು ಓಟ ಕಿತ್ತ. ಮಂಜು ಅವನನ್ನು ನುಂಗಿತು. ಅಷ್ಟರಲ್ಲಿ ಗಡಿಬಿಡಿಯ ಫೋನ್ ಹೊಡೆದುಕೊಂಡಿತು. ಮೇಸ್ತ್ರಿಯ ಭಾವಮೈದುನ.

“ಖಾಲಿ ಪೆಟ್ಟಿಗೆ ತಗೊಂಡು ಎಲ್ಲಿಗೋ ಓಡಿದೆ? ನೀನು ಪಂಕ್ಚರ್ ಅಂಗಡಿಗೆ ಓಡಿದಾಗ, ತಳ್ಳೋಕೆ ಹಗುರ ಆಗ್ಲಿ ಅಂತ ಭಾವನ್ನ ಇಳಿಸಿ ಮನೆಯೊಳಗೆ ಮಲಗಿಸಿದ್ವಿ. ತಡಿ, ಅಕ್ಕ ಮಾತಾಡ್ತಾಳಂತೆ.”

ಮೇಸ್ತ್ರಿಯ ಹೆಂಡತಿ. ಗೋಡೆಯ ಕಡೆಯಿಂದ ಗದರಿದ, ಅತ್ತು ಅತ್ತು ಒಡೆದುಹೋದ ಅದೇ ದನಿ. “ಉರುಳಿಕೊಂಡು ಆಚೆ ಬರೋಷ್ಟು ಹೊತ್ತೂ ಕೊಡಲಿಲ್ವಲ್ಲೋ, ಪಾಪಿ! ಕಾಲು ಉಳಿದಿದ್ದೇ ಹೆಚ್ಚು.”

“ಅಕ್ಕಾ... ತಟ್ಟಿದ್ದು ನೀವಾ?”

“ಇನ್ಯಾರು? ಮದುವೆ ಆದಾಗಿಂದ ಅಡಿ ಮಲಗಿ ತಟ್ಟಿದ್ದು ನಾನು. ಅವರು ಮೇಲೆ ಕೂತು ಕೀ ತಿರುಗಿಸೋರು. ಅದಕ್ಕೇ ನಿನ್ನನ್ನ ಶೆಡ್ಡಿನ ಹೊರಗೆ ನಿಲ್ಲಿಸ್ತಿದ್ದಿದ್ದು. ಬೇಗ ಬಾ, ಜನ ಕಾಯ್ತಿದಾರೆ.”

ಗಡಿಬಿಡಿಗೆ ಹೋದ ಜೀವ ಬಂದಂತಾಯಿತು. ಸಮಾಧಿಗಳ ನಡುವೆ ಒಬ್ಬನೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಹತ್ತಿ ಕುಳಿತು ಕೀ ತಿರುಗಿಸಿದ.

ಕಟ್.

“ಏ ಗುಂಡಿಯಣ್ಣಾ!” ಕಿಟಕಿಯಿಂದ ಕತ್ತು ಹೊರಹಾಕಿ ಅರಚಿದ. “ಬಾರಪ್ಪಾ, ಹೆದರ್ಬೇಡ! ಒಂದೇ ನಿಮಿಷ ಅಡಿ ಮಲಗಿ ತಟ್ಟು, ಸಾಕು!”

ಮಂಜಿನೊಳಗೆ ದೂರವಾಗುತ್ತಿದ್ದ ಹೆಜ್ಜೆಗಳು ಇನ್ನಷ್ಟು ಜೋರಾದವು.

ಫೋನ್ ಮತ್ತೆ ಹೊಡೆದುಕೊಂಡಿತು. ಮ್ಯಾನೇಜರ್.

“ಹೆಣ ಸ್ಮಶಾನ ಮುಟ್ತೇನೋ?”

ಗಡಿಬಿಡಿ ಹಿಂದಿನ ಖಾಲಿ ಪೆಟ್ಟಿಗೆಯ ಕಡೆ ನೋಡಿದ.

“ಗಾಡಿ ಮುಟ್ಟಿದೆ, ಸಾರ್.”