ನಾಲ್ಕನೆಯ ಹಾಡಿನ ಪಂಚಾಯಿತಿ

ಎಲ್ಲ ಅನಾಹುತಕ್ಕೂ ಮೂಲ ಹೊನ್ನಯ್ಯನವರ ಒಂದು ಮಾತು. ಸಂಬಂಧ ಕುದುರಿಸುವುದರಲ್ಲಿ ಪಳಗಿದ ಅವರು ಸುಳ್ಳು ಹೇಳುವುದನ್ನು ಉಪ್ಪಿನಕಾಯಿ ಬಡಿಸಿದಷ್ಟೇ ಸಹಜವಾಗಿ ಮಾಡುತ್ತಿದ್ದರು.

"ಹುಡುಗಿಗೆ ಆ ಸುಮನಾ ಹಾಡು ಅಂದ್ರೆ ಪ್ರಾಣ ಮಾರಾಯ. ನಿನಗೂ ಹಂಗೇ ಅಂತ ಹೇಳ್ಬಿಟ್ಟಿದೀನಿ. ಭಾನುವಾರದೊಳಗೆ ಒಂದಷ್ಟು ಕೇಳಿಟ್ಕೋ" ಎಂದು ವಸಂತನ ಬೆನ್ನು ತಟ್ಟಿ ಹೋಗಿದ್ದರು.

ವಸಂತ ಶಿವಮೊಗ್ಗದ ಗಾಂಧಿ ಬಜಾರಿನ ಸೀರೆ ಅಂಗಡಿಯ ಸೇಲ್ಸ್‌ಮನ್. ಹೂಂಗುಟ್ಟುವುದರಲ್ಲಿ ಅವನನ್ನು ಮೀರಿಸುವವರು ಇಡೀ ಬಜಾರಿನಲ್ಲಿರಲಿಲ್ಲ. ಗಿರಾಕಿ ಹಸಿರು ಚೆಂದ ಎಂದರೆ "ನನಗೂ ಹಸಿರೇ ಇಷ್ಟ ಮೇಡಂ" ಎನ್ನುತ್ತಿದ್ದ. ಆಕೆ ಮರುಗಳಿಗೆ ಕೆಂಪಿಗೆ ಹೊರಳಿದರೆ "ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎನ್ನುತ್ತಿದ್ದ. ಸಾಹುಕಾರರಿಗೆ ಈ ಗುಣ ಬಹಳ ಹಿಡಿಸಿತ್ತು.

ಆದರೆ ಆ ಹುಡುಗಿ ದಿವ್ಯಶ್ರೀಯ ವಿಷಯದಲ್ಲಿ ಅವನದು ವ್ಯಾಪಾರವಲ್ಲ. ಭದ್ರಾವತಿಯ ಲ್ಯಾಬೊಂದಕ್ಕೆ ಸೋದರತ್ತೆ ಪುಷ್ಪಮ್ಮನನ್ನು ರಕ್ತ ಪರೀಕ್ಷೆಗೆ ಕರೆದೊಯ್ದಾಗ ಅಲ್ಲಿ ಕೆಲಸಕ್ಕಿದ್ದ ಅವಳನ್ನು ನೋಡಿದ್ದ. ಸೂಜಿ ಕಂಡರೆ ಊರು ಒಂದು ಮಾಡುವ ಹೆಂಗಸು ಪುಷ್ಪಮ್ಮ. ದಿವ್ಯಶ್ರೀ ಅವರನ್ನು ಅಪ್ಪೆಮಿಡಿ ಉಪ್ಪಿನಕಾಯಿಯ ಮಾತಿಗೆ ಎಳೆದು, "ಯಾವಾಗ ಚುಚ್ತೀಯಮ್ಮ?" ಎಂದು ಅವರು ಕೇಳುವಷ್ಟರಲ್ಲಿ ರಕ್ತ ತೆಗೆದು ಹತ್ತಿ ಒತ್ತಿದ್ದಳು. ಅಂಥ ಹಗುರ ಕೈ, ಅಂಥ ಸಮಾಧಾನ! ಮದುವೆ ಅಂತಾದರೆ ಇವಳನ್ನೇ ಎಂದು ಅವನು ಅಲ್ಲಿಯೇ ನಿಶ್ಚಯಿಸಿದ್ದ. ಹೊನ್ನಯ್ಯನವರ ಕೈಕಾಲು ಹಿಡಿದು ಸಂಬಂಧ ಕೇಳಿಸಿದವನೂ ಅವನೇ.

ಹಾಗಾಗಿ ಗಾಯಕಿ ಸುಮನಾಳ ಆಲ್ಬಮ್ ‘ಕಿಟಕಿ ತೆರೆದಿಡು’ ಕೇಳಲು ಕೂತ. ಪರೀಕ್ಷೆಗೆ ಓದುವವನಂತೆ ಶುರುಮಾಡಿದವನು ನಾಲ್ಕನೆಯ ಹಾಡು ‘ಆಷಾಢದ ಗಾಳಿ’ಗೆ ಬರುವಷ್ಟರಲ್ಲಿ ಕರಗಿಹೋದ. ಆಹಾ, ಏನು ದನಿ! ಎಲ್ಲೂ ಅವಸರವಿಲ್ಲ, ಎಲ್ಲೂ ಬೆಡಗಿಲ್ಲ. ಪಕ್ಕದಲ್ಲೇ ಕೂತು ನಮ್ಮ ಮನೆಯ ಸಮಾಚಾರವನ್ನು ನಮಗೇ ಹೇಳಿದಂತಿತ್ತು. ಹಾಡು ಕೇಳುತ್ತ ಅವನು ರೇಷ್ಮೆ ಸೀರೆಯನ್ನು ಕಾಟನ್ ರೇಟಿಗೆ ಕೊಡಲು ಹೋಗಿ ಬೈಸಿಕೊಂಡದ್ದೂ ಆಯಿತು.

ಭಾನುವಾರ ಭದ್ರಾವತಿ ಬಸ್ಸಿನಲ್ಲೂ ಅದೇ ಹಾಡು. ಪುಷ್ಪಮ್ಮ ತಿವಿದರು. "ಕಿವಿಯಿಂದ ಅದನ್ನ ತೆಗೆಯೋ. ಹೆಣ್ಣು ನೋಡಕ್ಕೆ ಹೋಗ್ತಿದೀಯೋ, ಕಿವಿ ಡಾಕ್ಟ್ರ ಹತ್ರ ಹೋಗ್ತಿದೀಯೋ?"

ಅವನು ಕಿವಿಯಿಂದ ತೆಗೆಯುವ ಹೊತ್ತಿಗೆ ಇಳಿಯಬೇಕಾದ ಸ್ಟಾಪ್ ಹಿಂದೆ ಬಿದ್ದಿತ್ತು. ಅತ್ತೆ ದಾರಿಯುದ್ದಕ್ಕೂ ಶಾಪ ಹಾಕುತ್ತ, ಅವನು ಬೆವರುತ್ತ ನಡೆದು ಜನ್ನಾಪುರದ ಮನೆ ಮುಟ್ಟಿದರು.

ದಿವ್ಯಶ್ರೀಯ ಅಪ್ಪ ಲಿಂಗಪ್ಪ ಕಾರ್ಖಾನೆಯಿಂದ ನಿವೃತ್ತರಾದವರು, ಯಾವುದನ್ನೂ ಅಳೆಯದೆ ಒಪ್ಪದ ಮನುಷ್ಯ. ಕುರ್ಚಿ ಕೊಡಲು ಬಂದ ಪಕ್ಕದ ಮನೆಯ ಉಮಾಮಹೇಶ್ವರಿ ತಾವೂ ಒಂದರಲ್ಲಿ ಕೂತುಬಿಟ್ಟಿದ್ದರು. ಉಪ್ಪಿಟ್ಟು, ಕೇಸರಿಬಾತು ಬಂತು. ಹಿಂದೆಯೇ ದಿವ್ಯಶ್ರೀ ಬಂದಳು.

"ಹೊಸ ಕಾಲ. ಹುಡುಗೀನೇ ಏನಾದ್ರೂ ಕೇಳ್ಲಿ" ಎಂದರು ಉಮಾಮಹೇಶ್ವರಿ.

ದಿವ್ಯಶ್ರೀ ಒಂದೇ ಉಸಿರಿಗೆ ಕೇಳಿದಳು. "ಸುಮನಾ ಆಲ್ಬಮ್ ಹೆಸರು ‘ಕಿಟಕಿ ತೆರೆದಿಡು’, ಆದ್ರೆ ಆ ಹೆಸರಿನ ಹಾಡೇ ಅದರಲ್ಲಿಲ್ಲ, ಹಂಗಾದ್ರೆ ಟೈಟಲ್ ಟ್ರ್ಯಾಕ್ ಯಾವುದು ಅಂತೀರಿ?"

"ನಾಲ್ಕನೇದು. ‘ಆಷಾಢದ ಗಾಳಿ’" ಎಂದ ವಸಂತ.

ಲಿಂಗಪ್ಪ ಚಮಚ ಕೆಳಗಿಟ್ಟರು. "ಆಲ್ಬಮ್ ಹೆಸರು ‘ಕಿಟಕಿ ತೆರೆದಿಡು’. ಹಾಡಿನ ಹೆಸರು ಗಾಳಿ. ಅದೆಂಗ್ರೀ ಟೈಟಲ್ ಟ್ರ್ಯಾಕ್ ಆಗುತ್ತೆ?"

"ಆ ಮಾತು ಆ ಹಾಡಲ್ಲೇ ಬರುತ್ತೆ ಸಾರ್."

"ಬಂದ್ರೆ? ಹೆಸರು ಹೊಂದಬೇಕಪ್ಪ!"

"ಹೆಸರು ಕಟ್ಕೊಂಡು ಏನಾಗ್ಬೇಕು?" ಉಮಾಮಹೇಶ್ವರಿ ಬಾಯಿ ಹಾಕಿದರು. "ನಮ್ಮೆಜಮಾನ್ರ ಹೆಸರು ಶಾಂತಮೂರ್ತಿ. ಕೂಗಾಟ ನಿಮ್ಮನೆವರೆಗೂ ಕೇಳಿಸಲ್ವಾ?"

ಬೇರೆ ಯಾವ ವಿಷಯವಾಗಿದ್ದರೂ ವಸಂತ ಮಾವನಾಗುವವರಿಗೆ "ನಾನೂ ಅದನ್ನೇ ಹೇಳೋಣ ಅಂತಿದ್ದೆ" ಎಂದುಬಿಡುತ್ತಿದ್ದ. ಆದರೆ ಇದು ಅವನ ಹಾಡು. ನಾಲಿಗೆ ಒಪ್ಪಲಿಲ್ಲ.

"ಇಲ್ಲ ಸಾರ್. ಮಾವಿನಕಾಯಿ ಅಂಚಿನ ಸೀರೆ ಅಂತೀವಿ. ಒಡಲಲ್ಲಿ ಒಂದು ಮಾವಿನಕಾಯೂ ಇರಲ್ಲ. ಅಂಚಿಂದಲೇ ಇಡೀ ಸೀರೆಗೆ ಹೆಸರು. ಇದೂ ಹಂಗೇ."

ಪುಷ್ಪಮ್ಮ ಅವನ ತೊಡೆ ಚಿವುಟಿದರು. ಲಿಂಗಪ್ಪ ಮಾತ್ರ ಪಟ್ಟು ಬಿಡಲಿಲ್ಲ. "ನೋಡಪ್ಪ, ಹಾಡು ಆ ಮಾತಿನ ಮೇಲೇ ಮುಗಿದ್ರೆ ಒಪ್ತೀನಿ. ನಡುವೆ ಬಂದು ಹೋದ್ರೆ ಅದು ನೆಂಟರು, ಮನೆಯವರಲ್ಲ. ಈಗಲೇ ಹಾಕಿ ಕೇಳೇಬಿಡೋಣ."

ಎಲ್ಲರೂ ಫೋನಿಗೆ ಮುಗಿಬಿದ್ದರು. ಉಪ್ಪಿಟ್ಟು ಆರಿತು. ಕೆಲಸ ಕೆಟ್ಟಿತೆಂದು ಹೆದರಿದ ಪುಷ್ಪಮ್ಮ, "ಹುಡುಗ ಹುಡುಗಿ ಒಳಗೆ ಹೋಗಿ ನಾಲ್ಕು ಮಾತಾಡ್ಲಿ" ಎಂದು ಇಬ್ಬರನ್ನೂ ಕೋಣೆಗೆ ಅಟ್ಟಿದರು. ಪಡಸಾಲೆಯ ಕಡೆಗಿದ್ದ ಕೋಣೆಯ ಕಿಟಕಿ ತೆರೆದೇ ಇತ್ತು. ಹಾಡು ಅಲ್ಲಿಂದ ಸಣ್ಣಗೆ ತೇಲಿ ಬರುತ್ತಿತ್ತು.

ದಿವ್ಯಶ್ರೀ ಬಾಗಿಲು ಓರೆ ಮಾಡಿ ತಗ್ಗಿದ ದನಿಯಲ್ಲಿ ಹೇಳಿದಳು. "ಒಂದು ನಿಜ ಹೇಳ್ಲಾ? ನಿಮಗೆ ಈ ಸುಮನಾ ಹಾಡು ಅಂದ್ರೆ ಪ್ರಾಣ ಅಂತ ಹೊನ್ನಯ್ಯನವರು ಹೇಳಿದ್ರು. ಅದಕ್ಕೆ ಆ ಒಂದು ಪ್ರಶ್ನೆ ಬಾಯಿಪಾಠ ಮಾಡ್ದೆ. ನನಗೆ ಇವಳ ಹಾಡು ಕೇಳಿದ್ರೆ ನಿದ್ದೆನೇ ಬರುತ್ತೆ. ಸುಳ್ಳಿನ ಮೇಲೆ ಸಂಸಾರ ಬೇಡ. ಅದಕ್ಕೇ ಮೊದಲೇ ಹೇಳ್ಬಿಟ್ಟೆ."

ವಸಂತನಿಗೆ ಅವಳ ಮೇಲಿದ್ದ ಮೆಚ್ಚುಗೆ ದುಪ್ಪಟ್ಟಾಯಿತು. ಎಂಥ ನೇರ ಹುಡುಗಿ! ಆ ಸಂಭ್ರಮದಲ್ಲಿ ಬಜಾರಿನ ಹಳೆಯ ಚಟ ತಾನಾಗಿ ಬಾಯಿಗೆ ಬಂತು.

"ನಾನೂ ಅದನ್ನೇ ಹೇಳೋಣ ಅಂತಿದ್ದೆ! ನನಗೂ ಹೊನ್ನಯ್ಯನವರೇ ಹೇಳಿದ್ದು. ನನಗೂ ಆ ಹಾಡು ಒಂಚೂರೂ ಆಗಲ್ಲ."

"ನಿಜವಾಗ್ಲೂ?"

"ನಿಮ್ಮಾಣೆ."

ದಿವ್ಯಶ್ರೀ ಮನಸಾರೆ ನಕ್ಕಳು. "ಅಬ್ಬಾ, ಬದುಕಿದೆ. ಹಂಗಿದ್ರೆ ನನ್ನ ಒಪ್ಪಿಗೆ ಇದೆ. ಅಪ್ಪನಿಗೆ ನಾನೇ ಹೇಳ್ತೀನಿ" ಎಂದಳು. ವಸಂತನ ಕಣ್ಣ ಮುಂದೆ ಛತ್ರ, ಧಾರೆ ಸೀರೆ, ಅದರ ಅಂಚು ಎಲ್ಲ ತೇಲಿದವು.

ಅಷ್ಟರಲ್ಲಿ ಹೊರಗೆ ಹಾಡಿನ ಕೊಳಲು ನಿಂತಿತು. ಲಿಂಗಪ್ಪ ತಮ್ಮ ಫೋನನ್ನು ಒತ್ತಿ ಹಾಡು ನಿಲ್ಲಿಸಿ ಗೆಲುವಿನ ದನಿಯಲ್ಲಿ ಕೂಗಿದರು. "ನೋಡಿ, ಮುಗೀತು! ಕೊಳಲಿನ ಮೇಲೆ ಮುಗೀತು. ಆ ಮಾತೇ ಇಲ್ಲ!"

ವಸಂತ ತುಟಿ ಕಚ್ಚಿದ. ಮುಷ್ಟಿ ಬಿಗಿದ. ಆದರೆ ಕಾಲು ಕೇಳಲಿಲ್ಲ. ಒಂದೇ ನೆಗೆತಕ್ಕೆ ಕಿಟಕಿಗೆ ಹಾರಿ ಸರಳು ಹಿಡಿದು ಕೂಗಿದ.

"ಮುಗಿದಿಲ್ಲ ಸಾರ್! ನಿಲ್ಲಿಸ್ಬೇಡಿ! ಕೊಳಲು ನಿಂತ ಮೇಲೆ ಪಿಸುಮಾತಲ್ಲಿ ಬರುತ್ತೆ. ಆ ಪಿಸುಮಾತು ಕೇಳಿದಾಗೆಲ್ಲ ನನಗೆ ಕಣ್ಣೀರು ಬರುತ್ತೆ ಸಾರ್! ಹಾಡಿನ ಜೀವ ಇರೋದೇ ಅಲ್ಲಿ!"

ಕೂಗಿ ಮುಗಿದ ಮೇಲೆ ಅವನಿಗೆ ತಾನೆಲ್ಲಿದ್ದೇನೆ ಎಂಬ ನೆನಪಾಯಿತು. ಮೆಲ್ಲಗೆ ತಿರುಗಿದ. ದಿವ್ಯಶ್ರೀ ಅದೇ ಸಮಾಧಾನದಿಂದ ಅವನನ್ನು ನೋಡುತ್ತಿದ್ದಳು. ಸೂಜಿ ಯಾವಾಗ ಹೊಕ್ಕಿತೆಂದು ಅವನಿಗೂ ತಿಳಿಯಲಿಲ್ಲ.

"ಮೊದಲಿನ ಸುಳ್ಳು ಹೊನ್ನಯ್ಯನವರದು. ಇದು ನಿಮ್ಮದೇ, ಅದೂ ನನ್ನಾಣೆ ಇಟ್ಟು. ಊಟ ಮಾಡ್ಕೊಂಡು ಹೋಗಿ" ಎಂದಳು.

ಹೊರಗೆ ಫೋನು ಮತ್ತೆ ಹಾಡಿತು. "ಕಿಟಕಿ ತೆರೆದಿಡು..." ಎಂದು ಸುಮನಾ ಪಿಸುಗುಟ್ಟಿದಳು.

"ಹುಡುಗ ಹೇಳಿದ್ದೇ ಸರಿ ಕಣ್ರೀ! ಅದೇ ಟೈಟಲ್ ಟ್ರ್ಯಾಕ್! ಅಳಿಯ ಅಂದ್ರೆ ಹಿಂಗಿರ್ಬೇಕು!" ಎಂದು ಲಿಂಗಪ್ಪ ಚಪ್ಪಾಳೆ ತಟ್ಟಿದರು.

ದಿವ್ಯಶ್ರೀ ಮುಂದೆ ಬಂದು ಕಿಟಕಿ ಮುಚ್ಚಿದಳು.