ನನ್ನ ಇಗ್ಬೊ ಪಾಂಡಿತ್ಯ

ಹೊಸ ಭಾಷೆಯೊಂದನ್ನು ಕಲಿಯಲು ನನಗೆ ಹದಿನೈದು ದಿನ ಸಾಕು ಎಂದು ಮೇಜರ್ ಸಾಹೇಬರಿಗೆ ಮಾತು ಕೊಟ್ಟವನು ನಾನೇ. ಯಾರೂ ಒತ್ತಾಯ ಮಾಡಿರಲಿಲ್ಲ.

ಅದು ಮಹಾಯುದ್ಧದ ಕೊನೆಯ ಕಾಲ. ಹುಬ್ಬಳ್ಳಿಯ ಹೊರಗೆ ತಗಡಿನ ಛಾವಣಿ ಹೊದಿಸಿ ಒಂದು ತಾತ್ಕಾಲಿಕ ಮಿಲಿಟರಿ ದವಾಖಾನೆ ತೆರೆದಿದ್ದರು. ನಾನು ಅಲ್ಲಿ ಉಗ್ರಾಣದ ಕಾರಕೂನ. ಚಾದರ, ಕಂಬಳಿ, ದಿಂಬಿನ ಚೀಲಗಳೆಲ್ಲ ನನ್ನ ಬೀಗದ ವಶದಲ್ಲಿ. ಒಂದು ದಿನ ಬರ್ಮಾದ ಕಾಡಿನಲ್ಲಿ ಗಾಯಗೊಂಡ, ಜ್ವರ ಹಿಡಿದ ಆಫ್ರಿಕಾದ ಸಿಪಾಯಿಗಳು ರೈಲಿನಲ್ಲಿ ಬಂದಿಳಿದರು. ಅವರಲ್ಲಿ ಇಪ್ಪತ್ತು ಜನ ನೈಜೀರಿಯಾ ದೇಶದವರು. ಅವರ ಭಾಷೆ ಇಗ್ಬೊ. ಒಬ್ಬನನ್ನು ಬಿಟ್ಟರೆ ಉಳಿದವರಿಗೆ ಕವಾಯಿತಿನ ಆಜ್ಞೆಗಳಷ್ಟೇ ಇಂಗ್ಲಿಷ್ ಬರುತ್ತಿತ್ತು. ನೀರು ಬೇಕೆಂದರೆ ಮಾತ್ರೆ ಕೊಡುವುದು, ನೋವು ಎಂದರೆ ಚಹಾ ಕೊಡುವುದು ಸುರುವಾಯಿತು.

"ಅವರ ಮಾತು ಇಪ್ಪತ್ತಾದರೂ ಕಲಿಯುವವರು ಯಾರಿದ್ದೀರಿ?" ಎಂದು ಮೇಜರ್ ಕೇಳಿದರು.

"ನೂರು ಕಲಿಯುತ್ತೇನೆ ಸರ್!" ಎಂದೆ.

ಕೇಶ್ವಾಪುರದ ಮನೆಗೆ ಹೋಗಿ ಹೆಂಡತಿ ನೀಲವ್ವನಿಗೆ ಈ ಶುಭವಾರ್ತೆ ತಿಳಿಸಿದೆ.

"ಬಾಜೂ ಮನಿ ಮರಾಠಿ ಬಾಯಾರು ಉಪ್ಪು ಕೇಳಿದ್ರ ಹಿಟ್ಟು ಕೊಟ್ಟು ಕಳಸ್ತೀರಿ. ನಿಮಗ ಆಫ್ರಿಕಾದ ಮಾತು ಬೇರೆ ಬೇಕಾಗಿತ್ತೇನ್ರಿ?" ಎಂದಳು.

ಪ್ರತಿಭಾವಂತರಿಗೆ ಮನೆಯಲ್ಲಿ ಮರ್ಯಾದೆ ಸಿಗುವುದಿಲ್ಲವೆಂದುಕೊಂಡು ನೋಟಬುಕ್ಕು ಕೊಳ್ಳಲು ಪೇಟೆಗೆ ಹೊರಟೆ.

ನಮ್ಮ ಗುರು ಎಮೆಕಾ. ಇಂಗ್ಲಿಷ್ ಬಲ್ಲ ಆ ಒಬ್ಬ. ಸೈನ್ಯಕ್ಕೆ ಸೇರುವ ಮೊದಲು ಒನಿಟ್ಶಾ ಎಂಬ ಊರಿನಲ್ಲಿ ಶಾಲಾ ಮಾಸ್ತರನಾಗಿದ್ದನಂತೆ. ಒಂದು ತೋಳಿಗೆ ಪ್ಲಾಸ್ಟರ್ ಹಾಕಿದ್ದರು, ಇನ್ನೊಂದರಲ್ಲಿ ಸೀಮೆಸುಣ್ಣ ಹಿಡಿಯುತ್ತಿದ್ದ. ದಿನಾ ಮಧ್ಯಾಹ್ನ ನಾಲ್ಕಕ್ಕೆ ಬೇವಿನ ಮರದಡಿ ಪಾಠ. ವಿದ್ಯಾರ್ಥಿಗಳು ಮೂವರು. ನಾನು, ಮೈಸೂರು ಕಡೆಯ ನರ್ಸ್ ಸಿಸ್ಟರ್ ಮೇರಿ, ಮತ್ತು ಹತ್ತಿರದ ಸುಳ್ಳ ಎಂಬ ಹಳ್ಳಿಯಿಂದ ಬಂದ, ಸದಾ ದೊಡ್ಡ ರುಮಾಲು ಸುತ್ತಿರುತ್ತಿದ್ದ ಅಡುಗೆಯ ಯಲ್ಲಪ್ಪ. ಯಲ್ಲಪ್ಪನಿಗೆ ಓದುಬರಹ ಇಲ್ಲ. ಅವನಂಥವನು ನನ್ನ ಸಹಪಾಠಿಯಾದದ್ದು ನನಗೆ ಸ್ವಲ್ಪ ಕಸಿವಿಸಿಯೇ ಆಗಿತ್ತು.

ನಾನು ದಪ್ಪ ನೋಟಬುಕ್ಕು ತಂದಿದ್ದೆ. ಕನ್ನಡ ಲಿಪಿಯಲ್ಲಿ ಜಗತ್ತಿನ ಯಾವ ಶಬ್ದವನ್ನಾದರೂ ಬರೆಯಬಹುದು ಎಂದು ಮೊದಲ ದಿನವೇ ಸಭೆಗೆ ತಿಳಿಸಿದೆ. ನೀರು, ಮ್ಮಿರಿ. ದಯವಿಟ್ಟು, ಬಿಕೊ. ಮನೆ, ಉನೊ. ಅಯ್ಯೋ ಪಾಪ ಎನ್ನಬೇಕಾದರೆ, ನ್ಡೊ. ಒಂದೇ ವಾರದಲ್ಲಿ ಅರವತ್ತು ಶಬ್ದ ಬರೆದೆ. ಸಿಸ್ಟರ್ ಮೇರಿ ಮೂವತ್ತು ಬರೆದು ಪಕ್ಕದಲ್ಲಿ ಏನೇನೋ ಬಾಣದ ಗುರುತು ಹಾಕಿಕೊಂಡಿದ್ದಳು. ಯಲ್ಲಪ್ಪ ಕಣ್ಣು ಮುಚ್ಚಿ ಕೂತಿರುತ್ತಿದ್ದ. ನಿದ್ದೆ ಮಾಡುತ್ತಾನೆಂದೇ ನನ್ನ ನಂಬಿಕೆ.

ಪಾಂಡಿತ್ಯ ಬಂದ ಮೇಲೆ ಪ್ರದರ್ಶನ ಬೇಡವೆ? ವಾರ್ಡಿಗೆ ಹೋದೆ. ಏಳನೆಯ ಮಂಚದಲ್ಲಿ ಇಬೆ ಎಂಬವನಿದ್ದ. ಕಾಲಿಗೆ ಗುಂಡು ತಗುಲಿದ ರೈತ. ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ "ಉಲೊ… ಉಲೊ…" ಎನ್ನುತ್ತಿದ್ದ.

ನೋಟಬುಕ್ಕು ತೆಗೆದು ನೋಡಿದೆ. ಅಂಥ ಶಬ್ದವೇ ಇಲ್ಲ! ಯೋಚಿಸಿದಾಗ ತಪ್ಪು ಎಲ್ಲಿದೆ ಎಂದು ಹೊಳೆಯಿತು.

"ಉಲೊ ಅಲ್ಲಪ್ಪಾ, ಉನೊ! ನಾಲಿಗೆ ಸರಿಯಾಗಿ ಹೊರಳಿಸು. ಉ… ನೊ!" ಎಂದು ತಿದ್ದಿದೆ.

ಇಬೆ ನನ್ನನ್ನು ಒಂದು ಗಳಿಗೆ ದಿಟ್ಟಿಸಿ ಗೋಡೆಯ ಕಡೆ ತಿರುಗಿ ಮಲಗಿದ.

ಸಂಜೆ ಇದನ್ನು ಹೇಳಿದಾಗ ಎಮೆಕಾ ನಗಲಿಲ್ಲ. "ನಮ್ಮ ಕಡೆ ಮನೆಗೆ ಉನೊ. ಅವನ ಓವೆರಿ ಕಡೆ ಉಲೊ. ಎರಡೂ ಸರಿ. ಅವನು ಮನೆಗೆ ಹೋಗಬೇಕು ಅಂದ, ನೀವು ಉಚ್ಚಾರ ತಿದ್ದಿದಿರಿ," ಎಂದು ಇಂಗ್ಲಿಷಿನಲ್ಲಿ ಹೇಳಿದ.

ನನಗೆ ನಾಚಿಕೆಯಾಗಬೇಕಿತ್ತು. ಬದಲಾಗಿ ಒಂದು ಸಿದ್ಧಾಂತ ಹೊಳೆಯಿತು! "ಹಾಂಗಾದ್ರ ಒನಿಟ್ಶಾ ಅಂದ್ರ ಅವರ ಧಾರವಾಡ. ಓವೆರಿ ಅಂದ್ರ ಸುಳ್ಳ, ಶಿರಗುಪ್ಪಿ ಇದ್ದಂಗ," ಎಂದು ಸಹಪಾಠಿಗಳಿಗೆ ವಿವರಿಸಿದೆ.

ಯಲ್ಲಪ್ಪ ಕಣ್ಣು ತೆರೆದ. "ನಮ್ಮ ಸುಳ್ಳದ ಮಾತು ಸುಳ್ಳಲ್ರಿ ಕಾರಕೂನ್ರ."

ಸಿಸ್ಟರ್ ಮೇರಿ ನಕ್ಕಳು. "ನೀವೇನ್ರೀ ಹೇಳೋದು? ನೀವು ಕೂಡ ಮನೇನ ಮನಿ ಅಂತೀರಲ್ಲ, ನಾನೇನಾದ್ರೂ ತಿದ್ದಿದೀನಾ?"

ಧಾರವಾಡ ಜಿಲ್ಲೆಯವನಿಗೆ ಮೈಸೂರಿನವರು ಕನ್ನಡ ಕಲಿಸುವುದೆ! ಆ ದಿನದ ಪಾಠವೆಲ್ಲ ಯಾವ ಕನ್ನಡ ಶುದ್ಧ ಎಂಬ ಜಗಳದಲ್ಲಿಯೇ ಮುಗಿಯಿತು. ಪಾಪ, ಎಮೆಕಾ ಪ್ಲಾಸ್ಟರಿನೊಳಗೆ ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತ ಕೂತಿದ್ದ.

ಮರುದಿನ ಆತ ಕಷ್ಟದ ಪಾಠ ತೆಗೆದ. ಅಕ್ವಾ ಎಂಬ ಒಂದೇ ಶಬ್ದ. ದನಿ ಕೆಳಗಿನಿಂದ ಏರಿದರೆ ಮೊಟ್ಟೆ. ಮೇಲಿನಿಂದ ಇಳಿದರೆ ಬಟ್ಟೆ. ಮೇಲೆಯೇ ನಿಂತರೆ ಅಳು. ಕೆಳಗೇ ಉಳಿದರೆ ಮಂಚ. ನಾನು ನಾಲ್ಕು ಸಾಲಿನಲ್ಲಿ ನಾಲ್ಕು ಸಲ "ಅಕ್ವಾ" ಎಂದು ದುಂಡಗೆ ಬರೆದೆ. ನಾಲ್ಕೂ ಒಂದೇ ರೀತಿ ಕಾಣುತ್ತಿದ್ದವು. ಅಕ್ಷರಗಳು ಮಾತ್ರ ಬಹಳ ಸುಂದರವಾಗಿದ್ದವು. ಯಲ್ಲಪ್ಪ ಭಜನೆಯ ಶ್ರುತಿ ಹಿಡಿದಂತೆ ನಾಲ್ಕನ್ನೂ ಗುನುಗಿದ. ಎಮೆಕಾ ಅವನ ಬೆನ್ನು ತಟ್ಟಿದ. ಭಾಷೆಯೆಂದರೆ ಹಾಡಲ್ಲ ಎಂದು ನಾನು ಮನಸ್ಸಿನಲ್ಲಿಯೇ ತಳ್ಳಿಹಾಕಿದೆ.

ಇದಾದ ಕೆಲವು ದಿನಕ್ಕೆ ಎಮೆಕಾನನ್ನು ತೋಳಿನ ಆಪರೇಶನ್ನಿಗೆಂದು ಪುಣೆಗೆ ಕಳಿಸಿದರು. ಅವನು ಹೋದ ಎರಡನೆಯ ದಿನ ಬೆಳಗ್ಗೆ ಜ್ವರದ ವಾರ್ಡಿನಲ್ಲಿ ಚಿಡಿ ಎಂಬ ಸಿಪಾಯಿ ತೀರಿಕೊಂಡ. ಇಪ್ಪತ್ತೆರಡು ವರ್ಷ ಇದ್ದೀತು. ಇಬೆಯ ಊರಿನವನು. ಇಬ್ಬರೂ ಒಟ್ಟಿಗೆ ಸೈನ್ಯ ಸೇರಿ, ಒಂದೇ ಹಡಗಿನಲ್ಲಿ ಬಂದವರು.

ಮೇಜರ್ ನನ್ನನ್ನು ಕರೆಸಿದರು. "ಇಬೆಗೆ ನೀವೇ ತಿಳಿಸಬೇಕು. ಅವನ ಭಾಷೆಯಲ್ಲಿಯೇ. ಮಧ್ಯಾಹ್ನಕ್ಕೆ ಮಣ್ಣು ಮಾಡುತ್ತೇವೆ."

ಚಿಡಿಯ ಹೆಸರು ಹೇಳಿ ತಲೆ ತಗ್ಗಿಸಿ ನಿಂತಿದ್ದರೆ ಸಾಕಾಗಿತ್ತು. ಯಾವ ಭಾಷೆಯವನಿಗಾದರೂ ಅರ್ಥವಾಗುತ್ತಿತ್ತು. ಆದರೆ ನೂರು ಶಬ್ದದ ಪಂಡಿತನಿಗೆ ಅಷ್ಟು ಸಾಲುತ್ತದೆಯೆ? ಉಗ್ರಾಣದಲ್ಲಿ ಕೂತು ಒಂದು ಪೂರ್ಣ ವಾಕ್ಯ ಕಟ್ಟಿದೆ. ನಿನ್ನ ಗೆಳೆಯ ತೀರಿಕೊಂಡಿದ್ದಾನೆ. "ಎನ್ಯಿ ಗಿ ಅನ್ವುಗೊ." ಹತ್ತು ಸಲ ಬಾಯಿಪಾಠ ಮಾಡಿದೆ. ಕೋಟಿನ ಗುಂಡಿ ಹಾಕಿಕೊಂಡು ಏಳನೆಯ ಮಂಚದ ಮುಂದೆ ನಿಂತೆ. ನೋಟಬುಕ್ಕು ಎದೆಗೆ ಹಿಡಿದು ಗಟ್ಟಿಯಾಗಿ ಹೇಳಿದೆ.

ಇಬೆ ಹುಬ್ಬು ಗಂಟಿಕ್ಕಿದ. ಮತ್ತೆ ಹೇಳಿದೆ, ಇನ್ನೂ ಗಟ್ಟಿಯಾಗಿ.

ಇಬೆ ನಕ್ಕುಬಿಟ್ಟ! ಹತ್ತು ದಿನದಲ್ಲಿ ಅವನು ನಕ್ಕದ್ದನ್ನು ನಾನು ನೋಡಿರಲಿಲ್ಲ. ಪಕ್ಕದ ಮಂಚದವನು ನಕ್ಕ. ಇಡೀ ವಾರ್ಡು ನಕ್ಕಿತು. ಇಬೆ ಮೂಗಿನ ಮುಂದೆ ತೋಳು ಇಳಿಬಿಟ್ಟು ಸೊಂಡಿಲಿನಂತೆ ಆಡಿಸಿದ, ಎರಡೂ ಕಿವಿಯ ಬಳಿ ಅಂಗೈ ಬೀಸಿದ, ನಂತರ ಖಾಲಿ ಕೈ ಚಾಚಿ ತೋರಿಸಿದ. ತನ್ನ ಹತ್ತಿರ ಆನೆ ಎಲ್ಲಿದೆ ಎಂದು ಕೇಳುತ್ತಿದ್ದ.

ಎನ್ಯಿ. ದನಿ ಇಳಿದರೆ ಗೆಳೆಯ. ಮೇಲೆಯೇ ನಿಂತರೆ ಆನೆ. ಈ ಪಾಠವನ್ನೂ ಎಮೆಕಾ ಮಾಡಿದ್ದನಂತೆ. ನಾನು ಆಗ ಪೆನ್ಸಿಲ್ ಕೆತ್ತುತ್ತಿದ್ದೆ. ನಿನ್ನ ಆನೆ ಸತ್ತಿದೆ ಎಂದು ನಾನು ಅವನಿಗೆ ಎರಡು ಸಲ ಸಾರಿದ್ದೆ!

ನನ್ನ ಮುಖ ನೋಡುತ್ತ ನೋಡುತ್ತ ಇಬೆಯ ನಗು ನಿಂತಿತು.

"ಚಿಡಿ?" ಎಂದ.

ನಾನು ಹೌದೆಂದು ತಲೆ ಆಡಿಸಿದೆ. ಇನ್ನೂ ಯಾರೋ ಮೂಲೆಯಲ್ಲಿ ನಗುತ್ತಿದ್ದರು. ಇಬೆ ಕೈಯಿಂದ ಬಾಯಿ ಮುಚ್ಚಿಕೊಂಡ.

ಆಮೇಲೆ ನನ್ನ ತೋಳು ಹಿಡಿದು ಒಂದೇ ಮಾತು ಹೇಳಿದ. "ಅಕ್ವಾ."

ನೋಟಬುಕ್ಕು ತೆರೆದೆ. ನಾಲ್ಕು ಸುಂದರ ಸಾಲುಗಳು! ಬೆಳಗ್ಗಿನಿಂದ ಅವನು ಏನೂ ತಿಂದಿಲ್ಲ, ಮೊಟ್ಟೆಯೇ ಇರಬೇಕೆಂದು ಅಡುಗೆಮನೆಗೆ ಓಡಿದೆ. ನಾನು ಹುಟ್ಟಿದಂದಿನಿಂದ ಮೊಟ್ಟೆ ಮುಟ್ಟಿದವನಲ್ಲ. ಬೇಯಿಸಿದ ಒಂದನ್ನು ತಟ್ಟೆಯಲ್ಲಿಟ್ಟು, ಮುಖ ಒಂದು ಕಡೆ, ತಟ್ಟೆ ಒಂದು ಕಡೆ ಮಾಡಿಕೊಂಡು ತಂದು ಅವನ ಮುಂದೆ ಹಿಡಿದೆ. ಗೆಳೆಯನನ್ನು ಕಳೆದುಕೊಂಡವನಿಗೆ ಮೊಟ್ಟೆ!

ಇಬೆ ತಟ್ಟೆಯನ್ನು ಮೆಲ್ಲಗೆ ಸರಿಸಿದ. "ಅಕ್ವಾ," ಎಂದ ಮತ್ತೆ.

ಹಾಗಾದರೆ ಮಂಚ! ಇಬ್ಬರು ಆಳುಗಳನ್ನು ಕರೆದು ಅವನ ಮಂಚವನ್ನು ಎತ್ತಿಸಿ ಕಿಟಕಿಯ ಹತ್ತಿರ ಇಡಿಸಿದೆ. ಇಬೆ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಗದ್ದಲ ಕೇಳಿ ಯಲ್ಲಪ್ಪ ಕೈ ಒರೆಸಿಕೊಳ್ಳುತ್ತ ಬಂದ. ಇಬೆ ಮೂರನೆಯ ಸಲ ಹೇಳಿದ. ಯಲ್ಲಪ್ಪ ಕಣ್ಣು ಮುಚ್ಚಿ ಅದನ್ನೇ ಮೂಗಿನಲ್ಲಿ ಗುನುಗಿ ನೋಡಿದ.

"ದನಿ ಇಳ್ಯಾಕತ್ತೈತ್ರಿ. ಬಟ್ಟಿ ಕೇಳಾಕತ್ತಾನ. ಸತ್ತ ಗೆಳ್ಯಾನ ಮ್ಯಾಲ ಹೊದಸಾಕ ಇರಬೇಕ್ರಿ. ಲಗೂ ಒಂದು ಚಾದರ ಕೊಡ್ರಿ ಕಾರಕೂನ್ರ, ಹೆಣದ ಗಾಡಿ ಹೊಂಟೈತಿ."

ಬಟ್ಟೆ! ಇಡೀ ದವಾಖಾನೆಯ ಬಟ್ಟೆಗೆ ನಾನೇ ಒಡೆಯ. ಸೊಂಟದಲ್ಲಿಯೇ ಬೀಗದ ಕೈ ಇತ್ತು. ಓಡಿದೆ. ಆದರೆ ಉಗ್ರಾಣಕ್ಕಲ್ಲ, ಮೇಜರರ ಕಚೇರಿಗೆ! ಅಪ್ಪಣೆಯ ಚೀಟಿ ಇಲ್ಲದೆ ಒಂದು ಟವೆಲ್ಲನ್ನೂ ಕೊಟ್ಟವನಲ್ಲ ನಾನು. ಮೇಜರ್ ಊಟಕ್ಕೆ ಹೋಗಿದ್ದರು. ಕಾದೆ. ಬಂದರು. ಚೀಟಿಯಲ್ಲಿ ಕಾರಣ ಬರೆದಿಲ್ಲ ಎಂದು ಹಿಂದಿರುಗಿಸಿದರು. ಬರೆದೆ. ಸಹಿ ಬಿತ್ತು.

ಹೊಸ ಬಿಳಿ ಚಾದರ ಎದೆಗವಚಿಕೊಂಡು ದವಾಖಾನೆಯ ಹಿಂದಿನ ಬಯಲಿಗೆ ಓಡಿದಾಗ ಮಣ್ಣು ಮುಚ್ಚಿ ಆಗಿತ್ತು. ಸಿಸ್ಟರ್ ಮೇರಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಬೆ ಕೋಲೂರಿ ನಿಂತಿದ್ದ. ಅವನ ಪಕ್ಕದಲ್ಲಿ ಯಲ್ಲಪ್ಪ. ತಲೆ ಬೋಳು ಬೋಳಾಗಿತ್ತು. ಅವನ ರುಮಾಲು ಇಲ್ಲದ ತಲೆಯನ್ನು ನಾನು ಅದೇ ಮೊದಲು ನೋಡಿದ್ದು.

"ಹತ್ತು ಮೊಳ ಇತ್ರಿ," ಎಂದ. "ಕಾಲಿನ ತನಕ ಸರಿಯಾಗಿ ಬಂತು."

ನಾನು ಇಬೆಯ ಹತ್ತಿರ ಹೋಗಿ "ನ್ಡೊ" ಎನ್ನಬೇಕೆಂದುಕೊಂಡೆ. ಬಾಯಿಯವರೆಗೂ ಬಂತು. ಅದರ ದನಿ ಏರುತ್ತದೋ ಇಳಿಯುತ್ತದೋ ಖಾತ್ರಿಯಿರಲಿಲ್ಲ. ಮತ್ತೇನಾದರೂ ಪ್ರಾಣಿಯ ಹೆಸರಾದೀತೆಂದು ಹೆದರಿ ನುಂಗಿಕೊಂಡೆ.

ಮನೆಗೆ ಬಂದು ನೀಲವ್ವನಿಗೆ ನಡೆದದ್ದನ್ನೆಲ್ಲ ಹೇಳಿದೆ. ಆನೆಯ ಭಾಗಕ್ಕಾದರೂ ನಗುತ್ತಾಳೆಂದುಕೊಂಡಿದ್ದೆ. ಅವಳು ಒಲೆಯ ಮುಂದೆ ಕೂತವಳು ಎದ್ದು ಬಂದಳು.

"ಆ ಹುಡುಗನ ತಾಯಿಗೆ ಯಾರು ಹೇಳ್ತಾರ್ರಿ?" ಎಂದು ಕೇಳಿದಳು.



ಮೂರು ವಾರದ ನಂತರ ಇಬೆಯನ್ನೂ ಉಳಿದವರನ್ನೂ ರೈಲು ಹತ್ತಿಸಿದರು. ಅವನು ಯಲ್ಲಪ್ಪನನ್ನು ತಬ್ಬಿಕೊಂಡ. ನನಗೆ ದೂರದಿಂದ ತಲೆ ಬಾಗಿಸಿದ. ಅಷ್ಟನ್ನಾದರೂ ಮಾಡಿದನಲ್ಲ ಎಂದು ಈಗಲೂ ಅನಿಸುತ್ತದೆ.

ಅದರ ಮರುವಾರ ಮೇಜರ್ ಕರೆದು ಒಂದು ಕಾಗದ ಕೈಗಿತ್ತರು. ಉಗ್ರಾಣದ ಕಾರಕೂನರು ಇಗ್ಬೊ ಭಾಷೆಯಲ್ಲಿ ಪ್ರವೀಣರು, ಸಾವಿನಂಥ ಸೂಕ್ಷ್ಮ ವಿಷಯವನ್ನೂ ಸಮರ್ಥವಾಗಿ ತಿಳಿಸಿದ್ದಾರೆ ಎಂದು ಬರೆದಿತ್ತು! ಇನ್ನೊಂದು ತಂಡ ಬರುವುದಿದೆ, ಹೊಸ ಕಾರಕೂನರಿಗೆ ನಾನೇ ಪಾಠ ಹೇಳಬೇಕಂತೆ.

"ಅಡುಗೆಯ ಯಲ್ಲಪ್ಪನಿಗೆ ನನಗಿಂತ ಚೆನ್ನಾಗಿ ಬರುತ್ತದೆ ಸರ್," ಎಂದೆ. ಅಷ್ಟು ಪ್ರಾಮಾಣಿಕತೆ ನನ್ನಲ್ಲಿ ಉಳಿದಿತ್ತು.

"ಅವನಿಗೆ ಬರೆಯಲು ಬರುವುದಿಲ್ಲವಲ್ಲ!" ಎಂದರು ಮೇಜರ್.

ನಾನು ಇನ್ನೊಂದು ಮಾತು ಆಡಬಹುದಿತ್ತು. "ಎಸ್ ಸರ್," ಎಂದು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಒಳಜೇಬಿಗೆ ಹಾಕಿಕೊಂಡೆ. ಆ ಎರಡು ಶಬ್ದವನ್ನು ಮಾತ್ರ ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.